ಕೋಣೆಯ ತಳ ಓದುವುದು: ವಿಲಕ್ಷಣ ರಚನೆಯ ಹಲ್ಲುಗಳಿಗೆ ರೂಟ್ ಕೆನಾಲ್

(ದಂತವೈದ್ಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ರೂಟ್ ಕೆನಾಲ್ ಆಗಿ ವರ್ಷ ಕಳೆದಿದೆ, ಹಲ್ಲು ಮತ್ತೆ ನೋಯುತ್ತಿದೆ. ಎಕ್ಸ್-ರೇ ನೋಡಿದರೆ ತುಂಬಿದ ಕೆನಾಲುಗಳಲ್ಲಿ, ಅಂದರೆ ಬೇರಿನೊಳಗಿನ ತಿರುಳಿನ ನಾಳಗಳಲ್ಲಿ, ಕೊರತೆ ಕಾಣುವುದಿಲ್ಲ. ಕೆನಾಲು ತುಂಬಲು ಬಳಸುವ ಗಟ್ಟಾ ಪರ್ಚಾ ಬೇರಿನ ತುದಿಗಿಂತ ಅರ್ಧ ಮಿಲಿಮೀಟರ್ ಹಿಂದೆ, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದೆ. ಆದರೂ ತುದಿಯಲ್ಲಿ ಕಪ್ಪು ನೆರಳು ಹಾಗೇ ಇದೆ. ಇಂಥ ಹಲ್ಲನ್ನು ಮೈಕ್ರೋಸ್ಕೋಪಿನ ಕೆಳಗೆ ಮತ್ತೆ ತೆರೆದಾಗ ಎಷ್ಟೋ ಸಲ ಸಿಗುವುದು ಯಾರೂ ಮುಟ್ಟದೆ ಉಳಿದ ಇನ್ನೊಂದು ಕೆನಾಲು. ಕೈಕೆಲಸದಲ್ಲಿ ತಪ್ಪಿರಲಿಲ್ಲ, ಹುಡುಕಾಟ ಅರ್ಧಕ್ಕೇ ನಿಂತಿತ್ತು. ಹಾಗಾಗಿ ಇವತ್ತಿನ ಮಾತಿನಲ್ಲಿ ಕೆನಾಲು ಕೆರೆಯುವ ಫೈಲುಗಳ ವಿಷಯಕ್ಕಿಂತ ಹುಡುಕುವ ವಿಷಯವೇ ಹೆಚ್ಚು.

'ವಿಲಕ್ಷಣ' ಎಂಬ ಪದವನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಒಂದು ಬೇರಿಗೆ ಒಂದು ಕೆನಾಲು, ನೇರವಾದ ಕೊಳವೆಯಂತೆ ಎಂಬ ಚಿತ್ರ ಯಾವ ಕಾಲಕ್ಕೂ ನಿಜವಾಗಿರಲಿಲ್ಲ. ವಾಲ್ಟರ್ ಹೆಸ್ ಹಲ್ಲುಗಳೊಳಗೆ ರಬ್ಬರ್ ತುಂಬಿ ಗಟ್ಟಿ ಮಾಡಿ, ಆಮೇಲೆ ಹಲ್ಲನ್ನೇ ಕರಗಿಸಿ ತೆಗೆದ ಅಚ್ಚುಗಳು 1925ರಲ್ಲಿ ಇಂಗ್ಲಿಷ್ ಓದುಗರಿಗೂ ದೊರೆತವು. ಅವುಗಳಲ್ಲಿ ಕೆನಾಲುಗಳು ಕವಲೊಡೆದು, ಕೂಡಿ, ಬಲೆಯಂತೆ ಹೆಣೆದುಕೊಂಡಿದ್ದವು. 1984ರಲ್ಲಿ ವರ್ಟೂಚಿ ಕೆನಾಲುಗಳ ಜೋಡಣೆಯನ್ನು 8 ಬಗೆಗಳಾಗಿ ವಿಂಗಡಿಸಿದರು. ಒಂದೇ ಕೆನಾಲು ತುದಿಯವರೆಗೂ ಹೋಗುವುದು ಮೊದಲ ಬಗೆ. ಎರಡಾಗಿ ಹೊರಟು ಒಂದಾಗುವುದು ಎರಡನೆಯದು. ಒಂದಾಗಿ ಹೊರಟು ನಡುವೆ ಸೀಳಿ ಮತ್ತೆ ಕೂಡುವುದು ಮೂರನೆಯದು. ಎರಡೂ ಕೊನೆವರೆಗೆ ಬೇರೆಬೇರೆಯಾಗಿ ಹೋಗುವುದು ನಾಲ್ಕನೆಯದು. ಒಂದಾಗಿ ಹೊರಟು ತುದಿಯ ಹತ್ತಿರ ಎರಡಾಗುವುದು ಐದನೆಯದು. ಕೈಗೆ ಹೆಚ್ಚು ಕಷ್ಟ ಕೊಡುವುದು ಇದೇ ಐದನೆಯ ಬಗೆ.

2001ರಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಮೇಲ್ದವಡೆಯ ದವಡೆ ಹಲ್ಲುಗಳನ್ನು ಮೈಕ್ರೋ-ಸಿಟಿಯಲ್ಲಿ (ಅತಿ ಸೂಕ್ಷ್ಮ ಸಿಟಿ ಸ್ಕ್ಯಾನ್) ಪರೀಕ್ಷಿಸಿದರು. ಯಾವ ಬಗೆಯ ನಿಕಲ್-ಟೈಟಾನಿಯಂ ಫೈಲು ಬಳಸಿದರೂ ಕೆನಾಲಿನ ಗೋಡೆಯ 35 ಶೇಕಡಾ ಅಥವಾ ಅದಕ್ಕೂ ಹೆಚ್ಚು ಭಾಗವನ್ನು ಲೋಹ ಮುಟ್ಟಿರಲಿಲ್ಲ. ಫೈಲು ಮಾಡುವುದು ತೊಳೆಯುವ ದ್ರಾವಣ ಹರಿಯಲು ದಾರಿ, ಶುಚಿ ಮಾಡುವುದು ದ್ರಾವಣ. ಇದು ಮನಸ್ಸಿಗೆ ಬಂದರೆ ಮುಂದಿನ ಬಹುಪಾಲು ನಿರ್ಧಾರಗಳು ತಾವಾಗಿ ಬದಲಾಗುತ್ತವೆ.

ತೆರೆಯುವ ಮೊದಲು

ಒಂದೇ ಎಕ್ಸ್-ರೇ ನೋಡಿ ಹಲ್ಲು ತೆರೆಯಬೇಡಿ. ನೇರವಾಗಿ ಒಂದು, ಟ್ಯೂಬನ್ನು ಅಡ್ಡಕ್ಕೆ ಸುಮಾರು 20 ಡಿಗ್ರಿ ಸರಿಸಿ ಇನ್ನೊಂದು, ಇಷ್ಟಾದರೂ ಬೇಕು. ನಾಲಿಗೆ ಅಥವಾ ಅಂಗುಳ ಕಡೆಯ ಬೇರು ಟ್ಯೂಬು ಸರಿದ ದಿಕ್ಕಿಗೇ ಸರಿಯುತ್ತದೆ, ಕೆನ್ನೆ ಕಡೆಯದು ಎದುರು ದಿಕ್ಕಿಗೆ. ಆಮೇಲೆ ನಾಲ್ಕು ಗುರುತುಗಳನ್ನು ಹುಡುಕಿ. ಮೇಲಿನಿಂದ ದಪ್ಪಗೆ ಬರುತ್ತಿದ್ದ ಕೆನಾಲು ಬೇರಿನ ನಡುವೆ ಥಟ್ಟನೆ ಮಾಯವಾದರೆ ಅಲ್ಲಿ ಅದು ಕವಲೊಡೆದಿದೆ ಎಂದೇ ತಿಳಿಯಿರಿ. ಬೇರಿನ ಅಂಚಿನಲ್ಲಿ ಪೆರಿಯೊಡಾಂಟಲ್ ಲಿಗಮೆಂಟಿನ (ಬೇರನ್ನು ಮೂಳೆಗೆ ಹಿಡಿದಿಡುವ ನಾರಿನ) ಗೆರೆ ಎರಡೆರಡು ಕಂಡರೆ ಹಿಂದೆ ಇನ್ನೊಂದು ಬೇರಿರಬಹುದು, ಅಥವಾ ಬೇರಿನಲ್ಲಿ ಆಳವಾದ ತೋಡಿರಬಹುದು. ಮೇಲ್ದವಡೆಯ ಪ್ರೀಮೋಲಾರಿನಲ್ಲಿ (ದವಡೆ ಹಲ್ಲಿಗೆ ಮುಂದಿನ ಹಲ್ಲು) ಬೇರಿನ ನಡುಭಾಗದ ಅಗಲ ಕ್ರೌನಿನ ಅಗಲದಷ್ಟೇ ಇದ್ದರೆ ಅಥವಾ ಮೀರಿದರೆ ಮೂರು ಬೇರುಗಳ ಶಂಕೆ ಇಡಬೇಕು. ಕೊನೆಯದು, ಚಿಕಿತ್ಸೆಯ ನಡುವೆ ತೆಗೆದ ಎಕ್ಸ್-ರೇಯಲ್ಲಿ ಫೈಲು ಬೇರಿನ ಮಧ್ಯದಲ್ಲಿರದೆ ಒಂದು ಬದಿಗೆ ಸರಿದಿದ್ದರೆ ಖಾಲಿ ಉಳಿದ ಬದಿಯಲ್ಲಿ ಇನ್ನೊಂದು ಕೆನಾಲಿದೆ.

ಹಲ್ಲನ್ನು ಮೂರು ಆಯಾಮದಲ್ಲಿ ತೋರಿಸುವ ಸ್ಕ್ಯಾನ್, ಸಿಬಿಸಿಟಿ, ಯಾವಾಗ? ಹೆಚ್ಚುವರಿ ಕೆನಾಲಿನ ಸಾಧ್ಯತೆ ಇರುವ, ರಚನೆ ಸಂಕೀರ್ಣ ಎಂಬ ಶಂಕೆ ಇರುವ ಹಲ್ಲುಗಳಿಗೆ ಚಿಕ್ಕ ವ್ಯಾಪ್ತಿಯ ಸಿಬಿಸಿಟಿಯೇ ಮೊದಲ ಆಯ್ಕೆಯ ಚಿತ್ರಣವಾಗಬೇಕು ಎಂದು ಅಮೆರಿಕದ ಎಂಡೋಡಾಂಟಿಕ್ಸ್ ಮತ್ತು ರೇಡಿಯಾಲಜಿ ಸಂಘಗಳು 2015ರ ಜಂಟಿ ಹೇಳಿಕೆಯಲ್ಲಿ ತಿಳಿಸಿವೆ. ಇದು ಎಲ್ಲರಿಗೂ ಮಾಡಿಸಿ ಎಂಬ ಸಲಹೆಯಲ್ಲ. ಎರಡು ಕೋನದ ಎಕ್ಸ್-ರೇಗಳು ಉತ್ತರಿಸದ ಪ್ರಶ್ನೆ ಮುಂದಿದ್ದಾಗ ಮಾಡಿಸಿ. ವ್ಯಾಪ್ತಿ ಚಿಕ್ಕದಿರಲಿ, ವೋಕ್ಸೆಲ್ (ಚಿತ್ರದ ಅತಿ ಸಣ್ಣ ಘನ) 0.2 ಮಿ.ಮೀ.ಗಿಂತ ಸಣ್ಣದಿರಲಿ. ಪಕ್ಕದಲ್ಲಿ ಲೋಹದ ಕ್ರೌನ್ ಅಥವಾ ಪೋಸ್ಟ್ (ಬೇರಿನೊಳಗಿನ ಕಡ್ಡಿ) ಇದ್ದರೆ ಗೆರೆಗೆರೆಯಾಗಿ ಹುಸಿ ನೆರಳುಗಳು ಬೀಳುತ್ತವೆ. ಅವನ್ನೇ ಕೆನಾಲು ಎಂದು ನಂಬಿ ಕೊರೆದರೆ ಹಲ್ಲಿಗೆ ತೂತು ಬೀಳುತ್ತದೆ.

ತಳವೇ ನಕ್ಷೆ

ಕ್ರಾಸ್ನರ್ ಮತ್ತು ರ್‍ಯಾಂಕೋ 500 ಹಲ್ಲುಗಳ ಪಲ್ಪ್ ಚೇಂಬರುಗಳನ್ನು, ಅಂದರೆ ತಿರುಳಿನ ಕೋಣೆಗಳನ್ನು, ಪರೀಕ್ಷಿಸಿ 2004ರಲ್ಲಿ ಕೆಲವು ನಿಯಮಗಳನ್ನು ಕೊಟ್ಟರು. ನನ್ನ ದೃಷ್ಟಿಯಲ್ಲಿ ಯಾವ ಹೊಸ ಫೈಲಿಗಿಂತಲೂ ಇವು ಹೆಚ್ಚು ಉಪಯುಕ್ತ. ಎನಾಮಲ್ ಮುಗಿದು ಬೇರು ಶುರುವಾಗುವ ಕತ್ತಿನ ಗೆರೆಯ ಮಟ್ಟದಲ್ಲಿ ಕೋಣೆ ಯಾವಾಗಲೂ ಹಲ್ಲಿನ ನಟ್ಟನಡುವೆ ಇರುತ್ತದೆ. ಅದೇ ಮಟ್ಟದಲ್ಲಿ ಕೋಣೆಯ ಗೋಡೆ ಹಲ್ಲಿನ ಹೊರ ಆಕಾರವನ್ನೇ ಅನುಸರಿಸುತ್ತದೆ. ಹೊರಗೆ ಉಬ್ಬಿದ್ದರೆ ಒಳಗೂ ಕೋಣೆ ಆ ಕಡೆಗೆ ಚಾಚಿಕೊಂಡಿರುತ್ತದೆ. ತಳದ ಬಣ್ಣ ಗೋಡೆಯ ಬಣ್ಣಕ್ಕಿಂತ ಕಪ್ಪು. ಕೆನಾಲಿನ ಬಾಯಿಗಳು ಇರುವುದು ತಳ ಮತ್ತು ಗೋಡೆ ಕೂಡುವ ಗೆರೆಯ ಮೇಲೆ, ಅದರಲ್ಲೂ ಆ ಗೆರೆಯ ಮೂಲೆಗಳಲ್ಲಿ.

ಇನ್ನೆರಡು ಸಮಮಿತಿಯ ನಿಯಮಗಳು. ಮೇಲ್ದವಡೆಯ ದವಡೆ ಹಲ್ಲುಗಳನ್ನು ಬಿಟ್ಟು ಉಳಿದವುಗಳಲ್ಲಿ ತಳದ ನಡುವೆ ಮೀಸಿಯಲ್‌ನಿಂದ ಡಿಸ್ಟಲ್ ಕಡೆಗೆ (ಹಲ್ಲುಸಾಲಿನ ಮುಂಬದಿಯಿಂದ ಹಿಂಬದಿಗೆ) ಒಂದು ಗೆರೆ ಎಳೆದುಕೊಳ್ಳಿ. ಕೆನಾಲಿನ ಬಾಯಿಗಳು ಆ ಗೆರೆಯ ಎರಡೂ ಬದಿ ಸಮದೂರದಲ್ಲಿರುತ್ತವೆ, ಗೆರೆಗೆ ಲಂಬವಾದ ಸಾಲಿನಲ್ಲಿರುತ್ತವೆ. ಕೆಳದವಡೆಯ ಹಲ್ಲಿನಲ್ಲಿ ಡಿಸ್ಟಲ್ ಕೆನಾಲಿನ ಬಾಯಿ ಗೆರೆಯ ಮೇಲಿರದೆ ಕೆನ್ನೆ ಕಡೆಗೆ ಸರಿದಿದ್ದರೆ ಅದರ ಜೋಡಿ ನಾಲಿಗೆ ಕಡೆ ಅಷ್ಟೇ ದೂರದಲ್ಲಿ ಕಾದಿರುತ್ತದೆ. ಹುಡುಕದೆ ಬಿಡುವುದಕ್ಕೆ ನೆಪವೇ ಉಳಿಯುವುದಿಲ್ಲ.

ಈ ನಕ್ಷೆ ಓದಲು ಬರಬೇಕಾದರೆ ತಳವನ್ನು ಗಾಯ ಮಾಡದೆ ತೆರೆಯಬೇಕು. ಹಲ್ಲನ್ನು ಬಾಯಿಯಿಂದ ಬೇರ್ಪಡಿಸುವ ರಬ್ಬರ್ ಡ್ಯಾಮ್ ಹಾಕುವ ಮೊದಲು ಪ್ರೋಬಿನಿಂದ ಕತ್ತಿನ ಗೆರೆಯನ್ನು ಸುತ್ತಲೂ ತಡವಿ. ಬೇರಿಗೆ ಹೋಲಿಸಿದರೆ ಕ್ರೌನ್ ಎತ್ತ ವಾಲಿದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಹಳೆಯ ಕ್ಯಾಪ್ ಇರುವ ಹಲ್ಲಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಕ್ಯಾಪಿನ ಆಕಾರ ಬೇರಿನ ದಿಕ್ಕನ್ನು ಹೇಳುವುದಿಲ್ಲ. ದವಡೆ ಹಲ್ಲಿನಲ್ಲಿ ಕೋಣೆಯ ಚಾವಣಿ ಬಹುತೇಕ ಕತ್ತಿನ ಗೆರೆಯ ಮಟ್ಟದಲ್ಲೇ ಇರುತ್ತದೆ. ಹಲ್ಲಿನ ತುದಿಯಿಂದ ಅಲ್ಲಿಗೆ ಸುಮಾರು 6 ಮಿ.ಮೀ., ತಳದಿಂದ ಬೇರು ಕವಲೊಡೆಯುವ ಜಾಗಕ್ಕೆ ಸುಮಾರು 3 ಮಿ.ಮೀ. ಎಕ್ಸ್-ರೇಯಲ್ಲಿ ಅಳೆದು ಕೊರೆಯುವ ಬರ್‌ನ ಮೇಲೆ ಗುರುತು ಹಾಕಿಕೊಳ್ಳಿ. ಒಮ್ಮೆ ಚಾವಣಿ ತೂತಾದ ಮೇಲೆ ತುದಿ ಕತ್ತರಿಸದ ಬರ್‌ಗೆ ಬದಲಾಯಿಸಿ, ಹೊರಮುಖವಾಗಿ ಎಳೆಯುತ್ತಾ ಚಾವಣಿ ಪೂರ್ತಿ ತೆಗೆಯಿರಿ. ಕಣ್ಣಿಗೆ ಕೆಂಪು ಚುಕ್ಕೆ ಕಂಡೊಡನೆ ಅದನ್ನೇ ಕೆನಾಲಿನ ಬಾಯಿ ಎಂದು ಭಾವಿಸುವುದು ಬಹಳ ಸಾಮಾನ್ಯವಾದ ತಪ್ಪು. ಅದು ತಿರುಳಿನ ಕೊಂಬು, ಚಾವಣಿ ಇನ್ನೂ ಅಲ್ಲೇ ಇದೆ. ತಳ ಮತ್ತು ಗೋಡೆ ಕೂಡುವ ಗೆರೆ ಸುತ್ತಲೂ ಅಖಂಡವಾಗಿ ಕಾಣುವವರೆಗೆ ತೆರೆಯುವ ಕೆಲಸ ಮುಗಿದಿಲ್ಲ.

ತಳ ಕಂಡ ಮೇಲೆ ಚೂಪು ತುದಿಯ ಡಿಜಿ-16 ಎಕ್ಸ್‌ಪ್ಲೋರರಿನಿಂದ ಗೆರೆಯುದ್ದಕ್ಕೂ ಒತ್ತಿ ನೋಡಿ. ಸಿಕ್ಕಿಕೊಂಡ ಕಡೆ ಕೆನಾಲಿದೆ. ಕೋಣೆಯಲ್ಲಿ ಹೈಪೋಕ್ಲೋರೈಟ್ (ತಿರುಳನ್ನು ಕರಗಿಸುವ ದ್ರಾವಣ) ತುಂಬಿಸಿ ಒಂದೆರಡು ನಿಮಿಷ ಅಲುಗಾಡಿಸದೆ ಬಿಟ್ಟರೆ, ತಿರುಳಿನ ಅಂಶ ಉಳಿದ ಜಾಗದಿಂದ ಸಣ್ಣ ಗುಳ್ಳೆಗಳ ಸಾಲು ಮೇಲೇಳುತ್ತದೆ. 1 ಶೇಕಡಾ ಮೆಥಿಲೀನ್ ಬ್ಲೂ ಹಚ್ಚಿ ತೊಳೆದರೆ ಬಾಯಿಗಳಲ್ಲೂ ಸಂದುಗಳಲ್ಲೂ ಮಾತ್ರ ನೀಲಿ ನಿಲ್ಲುತ್ತದೆ. ಅಲ್ಟ್ರಾಸಾನಿಕ್ ತುದಿಯನ್ನು ನೀರಿಲ್ಲದೆ ಆಡಿಸಿದಾಗ ಬಿಳಿ ಪುಡಿ ಸಂದಿನಲ್ಲಿ ಕೂತು ಗೆರೆಯಾಗಿ ಕಾಣುವುದೂ ಒಂದು ಗುರುತು.

ಮೇಲ್ದವಡೆಯ ಮೊದಲ ದವಡೆ ಹಲ್ಲು

ಇದರ ಕೆನ್ನೆ ಕಡೆಯ ಮೀಸಿಯಲ್ ಬೇರಿನಲ್ಲಿ ಎರಡನೆಯ ಕೆನಾಲು, ಅಂದರೆ ಎಂಬಿ2, ಇರುವುದೇ ವಾಡಿಕೆ. 1990ರಲ್ಲಿ ಕುಲಿಲ್ಡ್ ಮತ್ತು ಪೀಟರ್ಸ್ ಮೈಕ್ರೋಸ್ಕೋಪ್ ಕೂಡ ಬಳಸಿ ಹುಡುಕಿದಾಗ ಮೇಲ್ದವಡೆಯ ಮೊದಲ ಮತ್ತು ಎರಡನೆಯ ದವಡೆ ಹಲ್ಲುಗಳು ಸೇರಿ 95.2 ಶೇಕಡಾ ಹಲ್ಲುಗಳಲ್ಲಿ ಅದು ಸಿಕ್ಕಿತು. 'ಈ ಹಲ್ಲಿಗೆ ಮೂರೇ ಕೆನಾಲು' ಎಂದು ಹೇಳುವವರು ಅದನ್ನು ಸಾಬೀತು ಮಾಡಬೇಕು, ನಾಲ್ಕನೆಯದು ಇದೆ ಎನ್ನುವವರಲ್ಲ.

ಎಂಬಿ1 (ಅದೇ ಬೇರಿನ ಮೊದಲ ಕೆನಾಲು) ಮತ್ತು ಅಂಗುಳ ಕಡೆಯ ಕೆನಾಲನ್ನು ಕೂಡಿಸುವ ಗೆರೆ ಎಳೆದುಕೊಳ್ಳಿ. ಎಂಬಿ1ರಿಂದ ಸುಮಾರು 2 ಮಿ.ಮೀ. ಅಂಗುಳ ಕಡೆಗೆ, ಆ ಗೆರೆಗಿಂತ ತುಸು ಮೀಸಿಯಲ್ ಬದಿಗೆ ಹುಡುಕಬೇಕು. ಸಿಗದಿರಲು ಕಾರಣ ಎರಡು. ಬಾಯಿಯ ಮೇಲೆ ಮೀಸಿಯಲ್ ಗೋಡೆಯಿಂದ ಚಾಚಿದ ಡೆಂಟಿನಿನ (ಎನಾಮಲ್ ಒಳಗಿನ ಗಟ್ಟಿ ಪದರ) ಅಟ್ಟ ಒಂದು. ಕೆನಾಲು ಮೊದಲ ಒಂದೆರಡು ಮಿಲಿಮೀಟರ್ ಮೀಸಿಯಲ್ ಕಡೆಗೆ ಓರೆಯಾಗಿ ಹೋಗಿ ಆಮೇಲೆ ಕೆಳಗೆ ತಿರುಗುವುದು ಇನ್ನೊಂದು. ಹಾಗಾಗಿ ಬಾಯಿ ಕಂಡರೂ ಫೈಲು ಒಂದು ಮಿಲಿಮೀಟರ್ ಇಳಿದು ಗೋಡೆಗೆ ಬಡಿದು ನಿಲ್ಲುತ್ತದೆ. ಇಲ್ಲಿ ಒತ್ತಿದರೆ ಮೆಟ್ಟಿಲು ಬೀಳುತ್ತದೆ, ಫೈಲಿನ ತುದಿ ಮಡಚುತ್ತದೆ. ಅಲ್ಟ್ರಾಸಾನಿಕ್ ತುದಿಯಿಂದ ಅಟ್ಟವನ್ನು ಮೀಸಿಯಲ್ ಬದಿಗೆ, ತೆಳುವಾಗಿ ತೆಗೆಯಿರಿ. ಡಿಸ್ಟಲ್ ಬದಿಗೆ ಹೋಗಬೇಡಿ, ಅಲ್ಲಿ ಬೇರಿನ ಕವಲಿದೆ. 2 ಮಿ.ಮೀ. ಇಳಿದರೂ ಸಿಗದಿದ್ದರೆ ನಿಲ್ಲಿಸಿ, ಫೈಲು ಇಟ್ಟು ಎಕ್ಸ್-ರೇ ತೆಗೆಯಿರಿ ಅಥವಾ ಸಿಬಿಸಿಟಿ ನೋಡಿ. 3 ಮಿ.ಮೀ. ದಾಟಿ ಕುರುಡಾಗಿ ಕೊರೆಯುವುದಕ್ಕೆ ಸಮರ್ಥನೆ ಇಲ್ಲ.

ಸಿಕ್ಕಿದ ಮೇಲೆ 8 ಅಥವಾ 10ನೇ ನಂಬರಿನ ಫೈಲಿನ ತುದಿಯನ್ನು ಬಾಗಿಸಿ, ಗಡಿಯಾರಕ್ಕೆ ಕೀಲಿ ಕೊಡುವಂತೆ ಹಿಂದೆ ಮುಂದೆ ತಿರುಗಿಸುತ್ತಾ ಇಳಿಸಿ. ಎಂಬಿ2 ಎಷ್ಟೋ ಸಲ ತುದಿಗೆ ಮೊದಲೇ ಎಂಬಿ1ನ್ನು ಸೇರುತ್ತದೆ. ತಿಳಿಯಲು ಸುಲಭ ಉಪಾಯವಿದೆ: ಎಂಬಿ1ರಲ್ಲಿ ಗಟ್ಟಾ ಪರ್ಚಾ ಕೋನ್ ಪೂರ್ತಿ ಇಳಿಸಿ, ಎಂಬಿ2ರಲ್ಲಿ ಫೈಲು ಆಡಿಸಿ, ಕೋನ್ ಹೊರತೆಗೆದು ನೋಡಿ. ಗೀರು ಬಿದ್ದ ಜಾಗವೇ ಕೂಡುವ ಜಾಗ. ಆಗ ಎಂಬಿ1ನ್ನು ಪೂರ್ತಿ ಉದ್ದಕ್ಕೆ, ಎಂಬಿ2ನ್ನು ಕೂಡುವ ಜಾಗದವರೆಗೆ ಮಾತ್ರ ಹಿಗ್ಗಿಸಿದರೆ ಸಾಕು. ಎರಡನ್ನೂ ತುದಿಯವರೆಗೆ ಫೈಲ್ ಮಾಡಿದರೆ ಕೂಡಿದ ಕೆಳಗಿನ ಭಾಗ ಅತಿಯಾಗಿ ಅಗಲವಾಗುತ್ತದೆ, ಆಮೇಲೆ ಅಲ್ಲಿ ಕೋನ್ ಬಿಗಿಯಾಗಿ ಕೂರುವುದಿಲ್ಲ.

ಸಿ ಆಕಾರದ ಕೆನಾಲು

ಕೆಳದವಡೆಯ ಎರಡನೆಯ ದವಡೆ ಹಲ್ಲು ಇದರ ಮುಖ್ಯ ನೆಲೆ. 1979ರಲ್ಲಿ ಕುಕ್ ಮತ್ತು ಕಾಕ್ಸ್ ಇದನ್ನು ವರದಿ ಮಾಡಿದರು. ಬೇರು ಬೆಳೆಯುವಾಗ ಅದಕ್ಕೆ ಆಕಾರ ಕೊಡುವ ಹರ್ಟ್‌ವಿಗ್ ಎಪಿಥೀಲಿಯಲ್ ಪೊರೆ ಒಂದು ಬದಿಯಲ್ಲಿ ಕೂಡದೆ ಹೋದರೆ ಎರಡು ಬೇರುಗಳು ಆ ಬದಿಯಲ್ಲಿ ಅಂಟಿಕೊಂಡೇ ಉಳಿಯುತ್ತವೆ. ಅದರ ಎದುರು ಬದಿಯಲ್ಲಿ, ಹೆಚ್ಚಾಗಿ ನಾಲಿಗೆ ಕಡೆ, ಆಳವಾದ ತೋಡು ನಿಲ್ಲುತ್ತದೆ. ಪೂರ್ವ ಏಷ್ಯಾದ ಜನರಲ್ಲಿ ಇದು ತೀರಾ ಸಾಮಾನ್ಯ, ಯುರೋಪಿನವರಲ್ಲಿ ಕಡಿಮೆ.

ಎಕ್ಸ್-ರೇಯಲ್ಲಿ ಬೇರುಗಳು ಒಂದಕ್ಕೊಂದು ಅಂಟಿದಂತಿರುತ್ತವೆ. ಫೈಲು ಇಟ್ಟಾಗ ಅದು ಕವಲಿನಲ್ಲಿ ತೂತು ಮಾಡಿ ಹೊರಬಂದಂತೆ ಕಾಣುತ್ತದೆ. ಗಾಬರಿಯಾಗಬೇಕಿಲ್ಲ, ಆದರೆ ಬೇರಿನ ತುದಿಯನ್ನು ವಿದ್ಯುತ್ತಿನಿಂದ ಗುರುತಿಸುವ ಅಪೆಕ್ಸ್ ಲೊಕೇಟರಿನಿಂದ ಖಚಿತ ಮಾಡಿಕೊಳ್ಳಿ. ತೂತಾಗಿದ್ದರೆ ಫೈಲು ಇಳಿದ ಸ್ವಲ್ಪಕ್ಕೇ ಅದು 'ತುದಿ ಬಂತು' ಎನ್ನುತ್ತದೆ. ಫ್ಯಾನ್ ಮತ್ತು ಸಂಗಡಿಗರು 2004ರಲ್ಲಿ ಅಡ್ಡಕೊಯ್ತದ ಆಕಾರವನ್ನು ಐದಾಗಿ ವಿಂಗಡಿಸಿದರು: ಎಲ್ಲೂ ಕಡಿಯದ ಸಿ, ಅರ್ಧವಿರಾಮ ಚಿಹ್ನೆಯಂತೆ ಒಂದೆಡೆ ಕಡಿದದ್ದು, ಎರಡು ಮೂರು ಬಿಡಿ ಕೆನಾಲುಗಳು, ಒಂದೇ ದುಂಡು ಕೆನಾಲು, ಕೆನಾಲೇ ಕಾಣದ್ದು. ಅಭ್ಯಾಸದಲ್ಲಿ ನೆನಪಿಡಬೇಕಾದ್ದು ಏನೆಂದರೆ, ಒಂದೇ ಬೇರಿನಲ್ಲಿ ಇಳಿಯುತ್ತಾ ಹೋದಂತೆ ಈ ಆಕಾರ ಬದಲಾಗುತ್ತದೆ. ಮೇಲೆ ಮೂರು ಬಾಯಿ ಕಂಡಿತೆಂದು ಮೂರು ಕೊಳವೆಗಳಂತೆ ಫೈಲ್ ಮಾಡಿದರೆ ನಡುವಿನ ಸಂದಿನ ತಿರುಳು ಹಾಗೇ ಉಳಿಯುತ್ತದೆ. ಎಷ್ಟು ತೊಳೆದರೂ ರಕ್ತ ಒಸರುವುದು, ಮರುಭೇಟಿಯಲ್ಲೂ ನೋವು ಉಳಿಯುವುದು ಇದರ ಲಕ್ಷಣ.

ತೋಡಿನ ಕಡೆಯ ಗೋಡೆ ತೀರಾ ತೆಳು. ಅಲ್ಲಿ ಗೇಟ್ಸ್ ಗ್ಲಿಡನ್ ಡ್ರಿಲ್ ಬೇಡವೇ ಬೇಡ, ಸಂದಿನಲ್ಲಿ 25ನೇ ನಂಬರು ದಾಟಬೇಡಿ. ಬಾಗಿಸಿದ ಸಣ್ಣ ಕೈ ಫೈಲನ್ನು ಗೋಡೆಯುದ್ದಕ್ಕೆ ಸವರಿ, ಉಳಿದದ್ದನ್ನು ಹೈಪೋಕ್ಲೋರೈಟ್ ಮತ್ತು ಅಲ್ಟ್ರಾಸಾನಿಕ್‌ಗೆ ಬಿಡಿ. ಎಲೆಕ್ಟ್ರಾನಿಕ್ ಅಳತೆಯನ್ನು ಸಿಯ ಎರಡು ಕೊನೆಗಳಲ್ಲೂ ಬೇರೆಬೇರೆ ತೆಗೆದುಕೊಳ್ಳಿ. ತುಂಬುವಾಗ ಎರಡೂ ಕೊನೆಗಳಲ್ಲಿ ಕೋನ್ ಇಟ್ಟು, ಬಿಸಿ ಗಟ್ಟಾ ಪರ್ಚಾವನ್ನು ಸಂದಿನೊಳಗೆ ಒತ್ತಬೇಕು. ತಣ್ಣನೆಯ ಕೋನ್‌ಗಳನ್ನು ಪಕ್ಕಪಕ್ಕ ಜೋಡಿಸುವ ವಿಧಾನ ಇಲ್ಲಿ ಸೋಲುತ್ತದೆ. ಮುಂದೆ ಪೋಸ್ಟ್ ಬೇಕಾದರೆ ಡಿಸ್ಟಲ್ ಕೆನಾಲಿನಲ್ಲಿ ಮಾತ್ರ.

ಕೆಳದವಡೆಯಲ್ಲಿ ಇನ್ನುಳಿದವು

ಮೊದಲ ದವಡೆ ಹಲ್ಲಿಗೆ ನಾಲಿಗೆ ಕಡೆ, ಡಿಸ್ಟಲ್ ಬದಿಯಲ್ಲಿ ಮೂರನೆಯ ಬೇರು ಇರಬಹುದು. ರಾಡಿಕ್ಸ್ ಎಂಟೊಮೊಲಾರಿಸ್ ಎಂಬ ಈ ಬೇರನ್ನು 1844ರಲ್ಲೇ ಕರಬೆಲ್ಲಿ ಉಲ್ಲೇಖಿಸಿದ್ದಾರೆ. ತ್ರಿಕೋನದ ಬದಲು ನಾಲ್ಕು ಮೂಲೆಯ ಕಿಂಡಿ ತೆರೆದರೆ ಬಾಯಿ ಸಿಗುತ್ತದೆ. ಅಪಾಯ ಇರುವುದು ಮುಂದೆ. ಈ ಬೇರು ಕೆಳಗೆ ಕೆನ್ನೆ ಕಡೆಗೆ ಕೊಕ್ಕೆಯಂತೆ ಬಾಗುತ್ತದೆ, ಆ ಬಾಗು ಎಕ್ಸ್-ರೇಯ ಸಮತಲದಲ್ಲಿ ಇಲ್ಲದ್ದರಿಂದ ಚಿತ್ರದಲ್ಲಿ ಕೆನಾಲು ನೇರವಾಗಿ ಕಾಣುತ್ತದೆ. ನೇರ ಎಂದು ನಂಬಿ ಯಂತ್ರದಿಂದ ತಿರುಗುವ ರೋಟರಿ ಹಾಕಿದವರ ಫೈಲು ಅಲ್ಲಿ ಮುರಿಯುತ್ತದೆ. ಮೇಲಿನ ಮೂರನೇ ಒಂದು ಭಾಗವನ್ನು ಮೊದಲು ನೇರ ಮಾಡಿ, 15ನೇ ನಂಬರಿನವರೆಗೆ ಕೈ ಫೈಲಿನಿಂದ ಜಾರುದಾರಿ ಮಾಡಿಕೊಂಡು, ಆಮೇಲೆ ಬಳುಕುವ ಹೊಸ ಫೈಲು ಬಳಸಿ.

ಅದೇ ಹಲ್ಲಿನ ಎರಡು ಮೀಸಿಯಲ್ ಬಾಯಿಗಳ ನಡುವಿನ ಸಂದಿನಲ್ಲಿ ಮಧ್ಯದ ಕೆನಾಲು ಸಿಗಬಹುದು. ಹುಡುಕುವಾಗ ಸಂದಿನ ನೇರಕ್ಕೆ, ಹೆಚ್ಚೆಂದರೆ 2 ಮಿ.ಮೀ. ಇಳಿಯಿರಿ. ಬೇರಿನ ಡಿಸ್ಟಲ್ ಗೋಡೆ ಅಪಾಯದ ವಲಯ. ಅಲ್ಲಿ ಡೆಂಟಿನ್ ಒಂದು ಮಿಲಿಮೀಟರಿನ ಆಸುಪಾಸು, ಕೆಲವೊಮ್ಮೆ ಇನ್ನೂ ತೆಳು. ಫೈಲನ್ನು ಯಾವಾಗಲೂ ಕವಲಿನಿಂದ ದೂರದ ಗೋಡೆಗೆ ಒತ್ತಿ ಎಳೆಯಬೇಕು.

ಕೆಳಗಿನ ಬಾಚಿಹಲ್ಲಿನ ಎರಡನೆಯ ಕೆನಾಲು ತಪ್ಪುವುದಕ್ಕೆ ಕಾರಣ ನಾವು ಕಿಂಡಿ ತೆರೆಯುವ ಜಾಗವೇ. ಹಿಂಬದಿಯಿಂದ ತೆರೆದಾಗ ಫೈಲು ತುಟಿ ಕಡೆಯ ಕೆನಾಲಿಗೇ ಜಾರುತ್ತದೆ, ನಾಲಿಗೆ ಕಡೆಯದು ಡೆಂಟಿನಿನ ಅಟ್ಟದ ಕೆಳಗೆ ಮರೆಯಾಗಿ ಉಳಿಯುತ್ತದೆ. ಕಿಂಡಿಯನ್ನು ಹಲ್ಲಿನ ಅಂಚಿನ ಹತ್ತಿರದಿಂದ ಶುರುಮಾಡಿ ನಾಲಿಗೆ ಕಡೆಗೆ ಉದ್ದ ಮಾಡಿ.

ಕೆಳಗಿನ ಮೊದಲ ಪ್ರೀಮೋಲಾರು ಸಾಧಾರಣ ಹಲ್ಲಿನಂತೆ ಕಂಡು ತೊಂದರೆ ಕೊಡುತ್ತದೆ. ಇದರ ಕೆನಾಲು ಬೇರಿನ ನಡುವೆ ಅಥವಾ ಇನ್ನೂ ಕೆಳಗೆ ಸೀಳುತ್ತದೆ. ಕೆನ್ನೆ ಕಡೆಯ ಕವಲು ನೇರಕ್ಕೆ ಹೋಗುತ್ತದೆ, ನಾಲಿಗೆ ಕಡೆಯದು ಚೂಪಾದ ಕೋನದಲ್ಲಿ ಹೊರಡುತ್ತದೆ. ಕ್ರೌನ್ ನಾಲಿಗೆ ಕಡೆಗೆ ವಾಲಿರುವುದರಿಂದ ಆ ದಾರಿ ಇನ್ನೂ ಮರೆ. 10ನೇ ನಂಬರಿನ ಫೈಲಿನ ಕೊನೆಯ 2–3 ಮಿ.ಮೀ.ಯನ್ನು ಚೆನ್ನಾಗಿ ಬಾಗಿಸಿ, ಆ ಬಾಗು ಯಾವ ಕಡೆಗಿದೆ ಎಂದು ರಬ್ಬರ್ ಸ್ಟಾಪಿನಲ್ಲಿ ಗುರುತು ಮಾಡಿ, ನಾಲಿಗೆ ಕಡೆಯ ಗೋಡೆಯನ್ನು ಮೇಲಿಂದ ಕೆಳಗೆ ಸವರುತ್ತಾ ಬನ್ನಿ. ಸಿಕ್ಕಿಕೊಂಡರೆ ಹೊರತೆಗೆಯಬೇಡಿ, ಅಲ್ಲೇ ಸಣ್ಣಗೆ ಆಡಿಸಿ ದಾರಿ ಹಿಗ್ಗಿಸಿ. ಒಮ್ಮೆ ತಪ್ಪಿದ ಬಾಯಿ ಮತ್ತೆ ಸಿಗಲು ಅರ್ಧ ಗಂಟೆ ಬೇಕಾಗುತ್ತದೆ.

ಹುಟ್ಟಿನಲ್ಲೇ ಬೇರೆಯಾದ ಹಲ್ಲುಗಳು

ಟಾರೊಡಾಂಟ್ ಎಂಬ ಹೆಸರನ್ನು 1913ರಲ್ಲಿ ಕೀತ್ ಕೊಟ್ಟರು. ಕೋಣೆ ಬೇರಿನೊಳಗೆ ಆಳಕ್ಕೆ ಇಳಿದಿರುತ್ತದೆ, ಕೆನಾಲಿನ ಬಾಯಿಗಳು ತುದಿಯ ಹತ್ತಿರ. ತೆರೆದೊಡನೆ ಬಹಳ ರಕ್ತ ಬರುತ್ತದೆ. ಅದು ತೂತು ಬಿದ್ದ ರಕ್ತವಲ್ಲ, ತಿರುಳೇ ಅಷ್ಟಿದೆ. ಹೈಪೋಕ್ಲೋರೈಟ್ ಹೆಚ್ಚು ಬಳಸಿ, ಮೈಕ್ರೋಸ್ಕೋಪಿನ ಬೆಳಕನ್ನು ಆಳಕ್ಕೆ ಇಳಿಸಿ, ತಾಳ್ಮೆಯಿಂದ ಹುಡುಕಬೇಕು.

ಹೆಚ್ಚು ಯೋಚನೆ ಬೇಡುವುದು ಡೆನ್ಸ್ ಇನ್‌ವ್ಯಾಜಿನೇಟಸ್. ಹಲ್ಲು ಬೆಳೆಯುವಾಗ ಎನಾಮಲ್ ಒಳಕ್ಕೆ ಮಡಚಿ ಚೀಲವಾಗುತ್ತದೆ. ಮೇಲಿನ ಎರಡನೆಯ ಬಾಚಿಹಲ್ಲಿನಲ್ಲಿ ಹೆಚ್ಚು. 1957ರಲ್ಲಿ ಊಲರ್ಸ್ ಮೂರು ಬಗೆ ಗುರುತಿಸಿದರು: ಚೀಲ ಕ್ರೌನಿನೊಳಗೇ ಮುಗಿಯುವುದು, ಬೇರಿನೊಳಗೆ ಇಳಿದು ಕುರುಡಾಗಿ ಕೊನೆಯಾಗುವುದು, ಬೇರನ್ನು ದಾಟಿ ತುದಿಯಲ್ಲೋ ಪಕ್ಕದಲ್ಲೋ ಹೊರಗೆ ತೆರೆಯುವುದು. ಮೊದಲ ಬಗೆಗೆ ಬೇಗನೆ ಗುರುತಿಸಿ ಗುಳಿಯನ್ನು ಸೀಲ್ ಮಾಡಿದರೆ ಸಾಕು. ಮೂರನೆಯದರಲ್ಲಿ ಸೋಂಕು ಚೀಲದ ಮೂಲಕವೇ ಮೂಳೆಗೆ ಇಳಿದಿರಬಹುದು, ಪಕ್ಕದ ನಿಜವಾದ ತಿರುಳು ಇನ್ನೂ ಜೀವಂತವಾಗಿರಬಹುದು. ಆದ್ದರಿಂದ ಚಳಿ ಪರೀಕ್ಷೆ, ವಿದ್ಯುತ್ ಪರೀಕ್ಷೆ ಎರಡನ್ನೂ ಮಾಡದೆ ತೆರೆಯಬೇಡಿ. ತಿರುಳು ಜೀವಂತವಿದ್ದರೆ ಚೀಲಕ್ಕೆ ಮಾತ್ರ ಚಿಕಿತ್ಸೆ: ತೊಳೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು, ಮುಂದಿನ ಭೇಟಿಯಲ್ಲಿ ಕೊನೆಯ 4–5 ಮಿ.ಮೀ.ಗೆ ಎಂಟಿಎ ಸಿಮೆಂಟ್ ತುಂಬಿ, ಮೇಲೆ ಬಿಸಿ ಗಟ್ಟಾ ಪರ್ಚಾ. ಚೀಲದ ಒಳಗೋಡೆ ಎನಾಮಲ್ ಆದ್ದರಿಂದ ಫೈಲು ಅದನ್ನು ಕತ್ತರಿಸುವುದಿಲ್ಲ. ಅಗತ್ಯವಿದ್ದ ಕಡೆ ಡೈಮಂಡ್ ಲೇಪಿತ ಅಲ್ಟ್ರಾಸಾನಿಕ್ ತುದಿ ಬೇಕು.

ಇದರ ತದ್ವಿರುದ್ಧ ರೂಪ ಪ್ರೀಮೋಲಾರಿನ ನಡುವೆ ಮೊಳೆಯಂತೆ ಎದ್ದ ಗುಬುಟು. ಅದರೊಳಗೆ ತಿರುಳಿನ ಎಳೆ ಇರಬಹುದು. ಅಗಿಯುವಾಗ ಮುರಿದರೆ ಹುಳುಕಿಲ್ಲದ ಹಲ್ಲಿನಲ್ಲಿ ಕೀವಾಗುತ್ತದೆ, ಆ ವಯಸ್ಸಿಗೆ ಬೇರೂ ಪೂರ್ತಿ ಬೆಳೆದಿರುವುದಿಲ್ಲ. ಗುಬುಟಿನ ಸುತ್ತ ಫ್ಲೋಯಬಲ್ ಕಾಂಪೊಸಿಟ್ ಕಟ್ಟಿ ಬಲಪಡಿಸಿ, ಎದುರು ಹಲ್ಲು ತಾಗದಂತೆ ನೋಡಿಕೊಳ್ಳಿ. ಇನ್ನೊಂದು ಬದಿಯ ಜೋಡಿ ಹಲ್ಲನ್ನೂ ಅದೇ ದಿನ ಪರೀಕ್ಷಿಸಿ.

ದ್ರಾವಣ, ಮತ್ತು ವಾಸಿಯಾಗದಿದ್ದರೆ

ಹೈಪೋಕ್ಲೋರೈಟ್ 2.5ರಿಂದ 5.25 ಶೇಕಡಾ. ಪಕ್ಕದಲ್ಲಿ ಬಾಯಿ ಇರುವ 30 ಗೇಜ್ ಸೂಜಿ, ತುದಿಯ ಅಳತೆಗಿಂತ 2 ಮಿ.ಮೀ. ಹಿಂದೆ, ಎಲ್ಲೂ ಬಿಗಿಯಾಗದಂತೆ ಮೇಲೆ ಕೆಳಗೆ ಆಡಿಸುತ್ತಾ. ಬಿಗಿಯಾದ ಸೂಜಿಯಲ್ಲಿ ಒತ್ತಿದರೆ ದ್ರಾವಣ ತುದಿ ದಾಟಿ ಹೊರಹೋಗಿ ತೀವ್ರ ನೋವು, ಊತ, ರಕ್ತ ಹೆಪ್ಪುಗಟ್ಟುವಿಕೆ ಆಗುತ್ತದೆ. ತುದಿ ಅಗಲವಾಗಿ ತೆರೆದಿರುವ ಹಲ್ಲಿನಲ್ಲಿ ಈ ಭಯ ಇನ್ನೂ ಹೆಚ್ಚು, ಅಲ್ಲಿ ಸಾಂದ್ರತೆ ಕಡಿಮೆ ಮಾಡಿ. ಫೈಲಿಂಗ್ ಮುಗಿದ ಮೇಲೆ 17 ಶೇಕಡಾ ಇಡಿಟಿಎ (ಗೋಡೆಗೆ ಅಂಟಿದ ಖನಿಜದ ಪುಡಿ ಕರಗಿಸುವ ದ್ರಾವಣ) ಒಂದು ನಿಮಿಷ, ಮತ್ತೆ ಹೈಪೋಕ್ಲೋರೈಟ್, ಪ್ರತಿ ಕೆನಾಲಿಗೆ 20 ಸೆಕೆಂಡಿನಂತೆ ಮೂರು ಸಲ ಅಲ್ಟ್ರಾಸಾನಿಕ್ ಕಂಪನ, ಪ್ರತಿ ಸಲವೂ ಹೊಸ ದ್ರಾವಣ. ಕ್ಲೋರ್‌ಹೆಕ್ಸಿಡಿನ್ ಬಳಸುವುದಾದರೆ ನಡುವೆ ಸಲೈನಿನಿಂದ ಪೂರ್ತಿ ತೊಳೆಯಿರಿ. ಹೈಪೋಕ್ಲೋರೈಟಿಗೆ ಸೇರಿದರೆ ಕಂದು ಬಣ್ಣದ ಗಸಿ ಕೂತು ಸಂದುಗಳನ್ನು ಮುಚ್ಚುತ್ತದೆ.

ಒಂದು ವರ್ಷಕ್ಕೆ ಎಕ್ಸ್-ರೇ ತೆಗೆಯಿರಿ. ನೆರಳು ಚಿಕ್ಕದಾಗುತ್ತಿದ್ದರೆ ನಾಲ್ಕು ವರ್ಷದವರೆಗೆ ಕಾಯಬಹುದು. ದೊಡ್ಡದಾಗಿದ್ದರೆ ಮೊದಲ ಶಂಕೆ ತಪ್ಪಿಹೋದ ಕೆನಾಲಿನ ಮೇಲಿರಲಿ. ಸಿಬಿಸಿಟಿ ನೋಡಿ, ಸಾಧ್ಯವಿದ್ದರೆ ಮೇಲಿನಿಂದಲೇ ಮರುಚಿಕಿತ್ಸೆ ಮಾಡಿ. ಶಸ್ತ್ರಚಿಕಿತ್ಸೆಗೇ ಹೋಗಬೇಕಾಗಿ ಬಂದರೆ ಬೇರಿನ ತುದಿಯ 3 ಮಿ.ಮೀ. ಕತ್ತರಿಸಿದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಕವಲು ಕೆನಾಲುಗಳ ಬಹುಪಾಲು ಆ 3 ಮಿ.ಮೀ.ಯಲ್ಲಿ ಹೋಗುತ್ತದೆ ನಿಜ, ಆದರೆ ಎರಡು ಕೆನಾಲುಗಳ ನಡುವಿನ ಸಂದು ಹೆಚ್ಚಾಗಿ ಬಯಲಾಗುವುದು ಅಲ್ಲಿಂದ ಮೇಲೆ, ಕತ್ತರಿಸಿದ ಮುಖದಲ್ಲೇ. ಆ ಮುಖಕ್ಕೆ ಮೆಥಿಲೀನ್ ಬ್ಲೂ ಹಚ್ಚಿ, ತೊಳೆದು, ಒಣಗಿಸಿ, ಹೆಚ್ಚಿನ ವರ್ಧನೆಯಲ್ಲಿ ನೋಡಿ. ಎರಡು ನೀಲಿ ಚುಕ್ಕೆಗಳ ನಡುವೆ ತೆಳುವಾದ ನೀಲಿ ಗೆರೆ ಕಂಡರೆ ಚುಕ್ಕೆಗಳ ಜೊತೆಗೆ ಆ ಗೆರೆಯನ್ನೂ 3 ಮಿ.ಮೀ. ಆಳಕ್ಕೆ ಅಲ್ಟ್ರಾಸಾನಿಕ್‌ನಿಂದ ತೋಡಿ ತುಂಬಬೇಕು.